ಕಾರ್ಪೆಟ್ ಕೆಳಗಿನ ತುಕ್ಕು: ಕಲಬುರಗಿಯ ಒಂದು ಕಾರಿನ ಪ್ರಕರಣ ಅಧ್ಯಯನ

ಕಲಬುರಗಿಯಂತಹ ಒಣ ಊರಿನ ಕಾರಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಹಳೆಯ ಗಾಡಿ ಕೊಳ್ಳುವವರಲ್ಲಿಯೂ ಮಾರುವವರಲ್ಲಿಯೂ ಬಲವಾಗಿದೆ. ಮಂಗಳೂರು, ಕಾರವಾರದ ಕಡೆಯ ಗಾಡಿಯಾದರೆ ತಳ ನೋಡಿ ಕೊಳ್ಳಬೇಕು, ನಮ್ಮ ಕಡೆಯದಾದರೆ ಎಂಜಿನ್ ನೋಡಿದರೆ ಸಾಕು ಎನ್ನುವುದು ರೂಢಿಯ ಮಾತು. ಹೊರಗಿನ ತಗಡಿನ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ, ಏಕೆಂದರೆ ಸಮುದ್ರದ ಉಪ್ಪುಗಾಳಿ ಇಲ್ಲಿಗೆ ತಲುಪುವುದಿಲ್ಲ, ವರ್ಷದ ಬಹುಪಾಲು ತಿಂಗಳು ಗಾಳಿಯಲ್ಲಿ ತೇವವೂ ಕಡಿಮೆ. ಆದರೆ ಕಾರಿನ ಒಳಗಿನ ತುಕ್ಕು ಊರಿನ ಹವೆಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಒಳಗೆ ಸೇರಿದ ನೀರಿಗೆ ಹೊರಹೋಗುವ ದಾರಿ ಇದೆಯೇ ಇಲ್ಲವೇ ಎಂಬುದಷ್ಟೇ ಅಲ್ಲಿ ಮುಖ್ಯ. ಇಲ್ಲಿ ವಿವರಿಸಿರುವ ಕಾರು ಹುಟ್ಟಿನಿಂದ ಇದೇ ಜಿಲ್ಲೆಯಲ್ಲಿ ಓಡಿದ್ದು, ಅದರ ಹೊರಮೈಯಲ್ಲಿ ಕಾಸಗಲದ ತುಕ್ಕೂ ಇರಲಿಲ್ಲ.

ಕಾರು 2012ರ ಡೀಸೆಲ್ ಹ್ಯಾಚ್‌ಬ್ಯಾಕ್, ಕೆಎ 32 ನೋಂದಣಿಯದು. ಈಗಿನ ಮಾಲೀಕರು ನಿವೃತ್ತ ಪ್ರೌಢಶಾಲಾ ಶಿಕ್ಷಕರು. 2021ರಲ್ಲಿ ಅಫಜಲಪುರ ತಾಲ್ಲೂಕಿನವರೊಬ್ಬರಿಂದ ಅದನ್ನು ಕೊಂಡಿದ್ದರು. ವಾರದಲ್ಲಿ ಒಂದೆರಡು ಬಾರಿ ಆಳಂದ ರಸ್ತೆಯ ಕಡೆಗಿರುವ ತಮ್ಮ ತೊಗರಿ ಹೊಲಕ್ಕೆ ಹೋಗಿಬರುವುದು, ಉಳಿದಂತೆ ಊರೊಳಗಿನ ಓಡಾಟ. ಕಾರು ನಿಲ್ಲುವುದು ಮನೆಯ ಗೇಟಿನ ಒಳಗಿನ ಇಳಿಜಾರಿನಲ್ಲಿ, ದೊಡ್ಡ ಬೇವಿನ ಮರದ ನೆರಳಿಗೆ, ಮೂತಿ ಮೇಲೆ ಮಾಡಿ. ಈ ಮೂರು ಸಂಗತಿಗಳು, ಅಂದರೆ ಹೊಲ, ಇಳಿಜಾರು ಮತ್ತು ಬೇವಿನ ಮರ, ಮುಂದೆ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ.

ಮಾಲೀಕರ ದೂರು ತುಕ್ಕಿನದಾಗಿರಲಿಲ್ಲ, ವಾಸನೆಯದಾಗಿತ್ತು. ಎರಡು ಮಳೆಗಾಲಗಳಿಂದ ಎಸಿ ಹಾಕಿದೊಡನೆ ಒದ್ದೆ ಗೋಣಿಚೀಲದ ವಾಸನೆ ಬರುತ್ತಿತ್ತು. ಅದಕ್ಕೆ ಅವರು ಡ್ಯಾಶ್‌ಬೋರ್ಡಿನ ಮೇಲೆ ಸುಗಂಧದ ಬಾಟಲಿ ಇಟ್ಟಿದ್ದರು, ಎಸಿ ಗ್ಯಾಸ್ ತುಂಬಿಸಿದ್ದರು. ಚಳಿಗಾಲದ ಬೆಳಗ್ಗೆ ಗಾಜುಗಳ ಒಳಮುಖಕ್ಕೆ ಮಂಜು ಕಟ್ಟುತ್ತಿತ್ತು, ಒರೆಸಿದರೂ ಮತ್ತೆ ಬರುತ್ತಿತ್ತು. ಎಡಗಡೆಯ ಮುಂದಿನ ಸೀಟು ಹಿಂದೆ ಮುಂದೆ ಸರಿಯುವುದು ನಿಂತು ಹೋಗಿತ್ತು. ಈ ಮೂರನ್ನೂ ಬೇರೆ ಬೇರೆ ತೊಂದರೆಗಳೆಂದು ಬೇರೆ ಬೇರೆ ಅಂಗಡಿಗಳಿಗೆ ತೋರಿಸಲಾಗಿತ್ತು. ಸೀಟಿನ ಹಳಿಗೆ ಗ್ರೀಸ್ ಹಾಕಲು ಕುಳಿತ ಮಿಸ್ತ್ರಿಯ ಬೆರಳಿಗೆ ಗ್ರೀಸಿನ ಬದಲು ಕಂದು ಪುಡಿ ಹತ್ತಿದಾಗಲೇ ವಿಷಯ ಹೊರಬಿದ್ದದ್ದು. ಹಳೆಯ ವಾಹನಗಳ ತಪಾಸಣೆ ಮಾಡುವ ನನ್ನನ್ನು ಮಾಲೀಕರು ಕರೆಸಿದ್ದು ಆ ಹಂತದಲ್ಲಿ, ಅಕ್ಟೋಬರ್ ತಿಂಗಳ ನಡುವೆ.

ನೆಲವನ್ನು ನೋಡುವುದೇ ಮೊದಲ ಕಷ್ಟವಾಯಿತು. ಕಂಪನಿಯ ಕಾರ್ಪೆಟ್ ಮೇಲೆ ಅಂಚಿನಿಂದ ಅಂಚಿಗೆ ಅಂಟಿಸಿದ ರೆಕ್ಸಿನ್ ಲ್ಯಾಮಿನೇಶನ್ ಇತ್ತು, ಅದರ ಮೇಲೆ ತೊಟ್ಟಿಯ ಆಕಾರದ ದಪ್ಪ 7ಡಿ ಮ್ಯಾಟ್ ಇತ್ತು. ಇವೆರಡೂ ಕೊಂಡ ಹೊಸದರಲ್ಲಿ ಹಾಕಿಸಿದವು. ಎರೆಮಣ್ಣಿನ ಹೊಲಕ್ಕೆ ಹೋಗಿಬರುವವರಿಗೆ ಒರೆಸಿದರೆ ಹೋಗುವ ನೆಲ ಬೇಕೆನಿಸುವುದು ಸಹಜವೇ. ಮೇಲಿನಿಂದ ಕೈಯಾಡಿಸಿದರೆ ಎಲ್ಲವೂ ಒಣಗಿದಂತೆಯೇ ಇತ್ತು. ಬಾಗಿಲ ಬಳಿಯ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿ, ಲ್ಯಾಮಿನೇಶನ್ನಿನ ಅಂಚನ್ನು ಬ್ಲೇಡಿನಿಂದ ಸೀಳಿ, ಕಾರ್ಪೆಟ್ ಕೆಳಗೆ ಕೈ ಹಾಕಿ ಒತ್ತಿದಾಗ ಬೆರಳುಗಳ ಸಂದಿಯಿಂದ ನೀರು ಉಕ್ಕಿತು. ಕಾರ್ಪೆಟ್ಟಿಗೂ ತಗಡಿಗೂ ನಡುವೆ ಸದ್ದು ತಡೆಯಲೆಂದು ಹಾಕಿರುವ ಫೆಲ್ಟ್ ಹಾಸು ತೊಟ್ಟಿಕ್ಕುವಷ್ಟು ನೆನೆದಿತ್ತು. ಕಡೆಯ ಮಳೆ ಬಿದ್ದು ಎರಡು ವಾರ ಕಳೆದಿದ್ದವು.

ಇಂತಹ ಸಂದರ್ಭದಲ್ಲಿ ಬಿಸಿಲು ಏಕೆ ಕೆಲಸ ಮಾಡಲಿಲ್ಲ ಎಂಬ ಪ್ರಶ್ನೆಯನ್ನು ಮಾಲೀಕರು ಮತ್ತೆ ಮತ್ತೆ ಕೇಳಿದರು, ಕೇಳಬೇಕಾದದ್ದೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ತಾಪ ಇನ್ನೂ ಎಷ್ಟೋ ಮೇಲೇರುತ್ತದೆ. ಆ ಕಾವಿಗೆ ಫೆಲ್ಟಿನಲ್ಲಿದ್ದ ನೀರು ಆವಿಯಾಗುತ್ತದೆ ನಿಜ, ಆದರೆ ಮೇಲೆ ರೆಕ್ಸಿನ್ ಮುಚ್ಚಿಕೊಂಡಿರುವಾಗ ಆ ಆವಿಗೆ ಹೋಗಲು ಜಾಗವಿಲ್ಲ. ರಾತ್ರಿ ತಣ್ಣಗಾಗುವಾಗ ಮೊದಲು ತಣಿಯುವುದು ನೆಲದ ತಗಡು; ಆವಿ ಮರಳಿ ಅದರ ಮೇಲೆಯೇ ಹನಿಗಟ್ಟುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ನೀರು ಕೂರುವ ಬಗೆಯೇ ಇದು, ಮುಚ್ಚಳ ಮಾತ್ರ ಇಲ್ಲಿ ತಳದಲ್ಲಿದೆ. ಕಬ್ಬಿಣ ತುಕ್ಕಾಗಲು ನೀರೂ ಬೇಕು, ಗಾಳಿಯಲ್ಲಿನ ಆಮ್ಲಜನಕವೂ ಬೇಕು. ದಿನವೂ ಅರೆ ಒಣಗಿ ದಿನವೂ ನೆನೆಯುವ ತಗಡಿಗೆ ಎರಡೂ ಧಾರಾಳವಾಗಿ ದೊರೆಯುತ್ತವೆ, ಜೊತೆಗೆ ಕಾವು ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಆದ್ದರಿಂದ ಮುಚ್ಚಿದ ಕಾರಿನ ಮಟ್ಟಿಗೆ ನಮ್ಮ ಬಿಸಿಲು ಒಣಗಿಸುವ ಬದಲು ತುಕ್ಕಿಗೇ ನೆರವಾಗಿತ್ತು.

ಮುಂದಿನ ಎರಡೂ ಸೀಟುಗಳನ್ನು ತೆಗೆಯದೆ ನಿರ್ಧಾರಕ್ಕೆ ಬರುವಂತಿರಲಿಲ್ಲ. ಸೀಟು ತೆಗೆಯುವುದು ನಾಲ್ಕು ಬೋಲ್ಟಿನ ಕೆಲಸವೆಂದು ಗ್ಯಾರೇಜುಗಳಲ್ಲಿ ಎಣಿಸುತ್ತಾರೆ. ಆದರೆ ಸೀಟಿನ ಕೆಳಗಿರುವ ಹಳದಿ ಬಣ್ಣದ ಕನೆಕ್ಟರುಗಳು ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್ ಬಿಗಿಸುವ ಸಾಧನಕ್ಕೆ ಸೇರಿದವಾಗಿರುತ್ತವೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಕಳಚಿ, ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆಯೇ ಅವುಗಳನ್ನು ಬಿಡಿಸಬೇಕು. ಸೀಟು ಹೊರಗಿರುವಾಗ ಇಗ್ನಿಷನ್ ಕೀಲಿ ತಿರುಗಿಸಬಾರದು, ತಿರುಗಿಸಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಂಡು ಸ್ಕ್ಯಾನರ್ ಇಲ್ಲದೆ ಆರುವುದಿಲ್ಲ. ಎಡ ಸೀಟಿನ ಹಿಂದಿನ ಬೋಲ್ಟ್ ತುಕ್ಕಿನಿಂದ ಕಚ್ಚಿಕೊಂಡಿತ್ತು. ಮಿಸ್ತ್ರಿ ಗ್ಯಾಸ್ ಹಚ್ಚಿ ಕಾಯಿಸಲು ಹೊರಟಾಗ ಬೇಡವೆಂದೆ, ಏಕೆಂದರೆ ಸುತ್ತಲೂ ಫೋಮ್, ಫೆಲ್ಟ್ ಮತ್ತು ವೈರಿಂಗ್ ಇದ್ದವು. ತುಕ್ಕು ಸಡಿಲಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಒಂದಿಷ್ಟು ಬಿಗಿ ಒಂದಿಷ್ಟು ಸಡಿಲವೆಂದು ಪಾನಾ ಆಡಿಸಿದ ಮೇಲೆ ಅದು ಮುರಿಯದೆ ಬಂತು.

ಕಾರ್ಪೆಟ್ ಎತ್ತಿದಾಗ ಕಂಡದ್ದು ಹೀಗಿದೆ. ಬಲಗಡೆ, ಅಂದರೆ ಚಾಲಕನ ಬದಿಯ ನೆಲದಲ್ಲಿ ಬಣ್ಣ ಗಟ್ಟಿಯಾಗಿಯೇ ಇತ್ತು, ಒಂದೆರಡು ಬೋಲ್ಟಿನ ಸುತ್ತ ಮಾತ್ರ ಕಂದು ಉಂಗುರ. ಎಡಗಡೆ ಮುಂದೆ ಅಂಗೈ ಅಗಲದ ಮೇಲುತುಕ್ಕು. ಎಡಗಡೆ ಹಿಂದೆ, ಹಿಂದಿನ ಪ್ರಯಾಣಿಕರು ಕಾಲಿಡುವ ತಗ್ಗಿನಲ್ಲಿ, ಸದ್ದು ತಡೆಯುವ ಟಾರಿನ ಹಾಳೆ ನೆಲ ಬಿಟ್ಟು ಉಬ್ಬಿತ್ತು. ಅದರ ಕೆಳಗೆ ಸ್ಕ್ರೂ ಡ್ರೈವರ್ ತುದಿ ಹಾಕಿ ಎಬ್ಬಿಸಿದಾಗ ತುಕ್ಕು ಪದರ ಪದರವಾಗಿ, ಹಪ್ಪಳದಷ್ಟು ದಪ್ಪಕ್ಕೆ, ಹಾಳೆಯೊಡನೆಯೇ ಎದ್ದು ಬಂತು; ಪದರಗಳ ನಡುವೆ ಇನ್ನೂ ತೇವವಿತ್ತು, ಮುಟ್ಟಿದರೆ ಕೈಗೆ ಕಪ್ಪು ಬಣ್ಣ ಹತ್ತುತ್ತಿತ್ತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನೂ ಹಾಳೆಯನ್ನೂ ತಾನೇ ಎತ್ತಿ, ಹಾಗೆ ಎತ್ತಿದ ಸಂದಿಗೆ ಮತ್ತಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಬಾಗಿಲ ಕೆಳಗಿನ ಪಟ್ಟಿಗೆ ನೆಲ ಸೇರುವ ಮೂಲೆಯಲ್ಲಿ ಸ್ಕ್ರೂ ಡ್ರೈವರ್ ಒತ್ತಿದಾಗ ತುದಿ ಕೆಳಗಿಳಿಯಿತು. ಅಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ತಗಡು ಹೆಸರಿಗಷ್ಟೇ ಉಳಿದಿತ್ತು.

ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದಾಗ ಬೇರೊಂದು ಬಗೆಯ ತುಕ್ಕು ಸಿಕ್ಕಿತು. ಅದು ತೇಪೆ ತೇಪೆಯಾಗಿ, ಚುಕ್ಕಿ ಕೊರೆದಂತೆ ಆಳವಾಗಿ, ನೀರು ನಿಲ್ಲುವ ತಗ್ಗಿನಲ್ಲಿಯೇ ಅಲ್ಲದೆ ಎತ್ತರದ ಜಾಗದಲ್ಲಿಯೂ ಇತ್ತು. ಅದರ ಮಾತು ಮುಂದೆ ಬರುತ್ತದೆ.

ದುರಸ್ತಿಗಿಂತ ಮೊದಲು ಒಂದು ಅನುಮಾನ ನಿವಾರಣೆಯಾಗಬೇಕಿತ್ತು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ನದಿದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಈ ಕಾರು ಅಲ್ಲಿಂದ ಬಂದದ್ದು ಮರುವರ್ಷ. ಪ್ರವಾಹದಲ್ಲಿ ಮುಳುಗಿದ ಗಾಡಿಯನ್ನು ತೊಳೆದು ಮಾರಿದ್ದಾರೆಯೇ ಎಂದು ಮಾಲೀಕರಿಗೆ ರಾತ್ರಿ ನಿದ್ದೆ ಇರಲಿಲ್ಲ, ಹಳೆಯ ಮಾಲೀಕರಿಗೆ ಫೋನ್ ಮಾಡಿ ದಬಾಯಿಸುವ ಸಿದ್ಧತೆಯೂ ನಡೆದಿತ್ತು. ಇದಕ್ಕೆ ಉತ್ತರ ಕಾರಿನಲ್ಲಿಯೇ ಇರುತ್ತದೆ. ಮುಳುಗಿದ ಕಾರಿನಲ್ಲಿ ತುಕ್ಕು ಒಂದೇ ಬದಿಗೆ ಇರುವುದಿಲ್ಲ. ಎರಡೂ ಬದಿಯ ಸೀಟಿನ ಹಳಿ, ಸ್ಪ್ರಿಂಗ್, ಪೆಡಲಿನ ಕೀಲುಗಳು ಹೆಚ್ಚುಕಡಿಮೆ ಒಂದೇ ಎತ್ತರದವರೆಗೆ ಕಂದಾಗಿರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಸುರುಳಿಯ ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಒಳಗಿನ ಕಬ್ಬಿಣದ ತೊಲೆಯ ಮೇಲೆ, ಫ್ಯೂಸ್ ಪೆಟ್ಟಿಗೆಯ ಮೂಲೆಯಲ್ಲಿ, ಹಿಂದಿನ ದೀಪದ ಗೂಡಿನಲ್ಲಿ, ಎಷ್ಟೇ ತೊಳೆದರೂ ನುಣುಪಾದ ಹೂಳು ಉಳಿಯುತ್ತದೆ. ಈ ಕಾರಿನ ಬೆಲ್ಟುಗಳು ಬುಡದವರೆಗೆ ಶುಭ್ರವಾಗಿದ್ದವು, ಬಲ ಸೀಟಿನ ಹಳಿಯಲ್ಲಿ ಕಂಪನಿಯ ಗ್ರೀಸ್ ಇನ್ನೂ ಇತ್ತು, ಫ್ಯೂಸ್ ಪೆಟ್ಟಿಗೆಯಲ್ಲಿ ಇದ್ದದ್ದು ಒಣ ಧೂಳು ಮಾತ್ರ. ಹಳೆಯ ಮಾಲೀಕರ ಮೇಲೆ ಹೊರಿಸಲು ಏನೂ ಇರಲಿಲ್ಲ. ಒಂದೇ ಬದಿಗಿದ್ದ ತುಕ್ಕು ಸೋರಿಕೆಯ ಕಡೆಗೆ ಬೊಟ್ಟು ಮಾಡುತ್ತಿತ್ತು.

ಸೋರಿಕೆ ಎಲ್ಲಿಯದು ಎಂಬುದನ್ನು ತಿಳಿಯದೆ ತುಕ್ಕಿಗೆ ಕೈ ಹಾಕಬಾರದೆಂಬುದು ನನ್ನ ಪಟ್ಟು. ತುಕ್ಕು ತೆಗೆದು ಬಣ್ಣ ಹೊಡೆದು ಕೊಟ್ಟ ಕಾರು ಮರುವರ್ಷ ಅದೇ ಜಾಗದಲ್ಲಿ ಒದ್ದೆಯಾಗಿ ಮರಳುವುದನ್ನು ಈ ಊರಿನ ಗ್ಯಾರೇಜುಗಳಲ್ಲಿ ಸಾಕಷ್ಟು ಕಂಡಿದ್ದೇನೆ. ಅಂಥಲ್ಲೆಲ್ಲ ತಪ್ಪು ಬಣ್ಣದ್ದಾಗಿರಲಿಲ್ಲ. ಅತಿ ಕೆಟ್ಟಿರುವ ಜಾಗವೇ ಸೋರುವ ಜಾಗ ಎಂದು ಹಿಂದಿನ ಎಡಬಾಗಿಲಿನ ರಬ್ಬರ್ ಬೀಡಿಂಗ್ ಬದಲಿಸಲು ಮಿಸ್ತ್ರಿ ಆಗಲೇ ಅಳತೆ ತೆಗೆದುಕೊಂಡಿದ್ದರು. ಆದರೆ ಆ ಬೀಡಿಂಗ್ ಮೆತ್ತಗೆ, ಸೀಳಿಲ್ಲದೆ ಇತ್ತು. ಬಾಗಿಲು ಮುಚ್ಚಿ ನಡುವೆ ಸಿಕ್ಕಿಸಿದ ಕಾಗದ ಎಳೆದರೂ ಸುಲಭವಾಗಿ ಬರುತ್ತಿರಲಿಲ್ಲ. ಸದಾ ಮೂತಿ ಮೇಲೆ ಮಾಡಿ ನಿಲ್ಲುವ ಕಾರಿನಲ್ಲಿ ಮುಂದೆ ಸೋರಿದ ನೀರು ಕಾರ್ಪೆಟ್ಟಿನ ಅಡಿಯಲ್ಲಿಯೇ, ಸೀಟಿನ ಕೆಳಗಿನ ಅಡ್ಡಪಟ್ಟಿಯ ಬದಿಯಲ್ಲಿ ವೈರಿಂಗಿಗೆಂದು ಬಿಟ್ಟ ಸಂದಿಯಿಂದ ಹಿಂದಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ.

ಮೊದಲು ನೋಡಿದ್ದು ಎಸಿಯನ್ನು. ಕೂಲಿಂಗ್ ಕಾಯಿಲ್ ಮೇಲೆ ಹನಿಗಟ್ಟಿದ ನೀರು ಒಂದು ಸಣ್ಣ ರಬ್ಬರ್ ಕೊಳವೆಯ ಮೂಲಕ ಎಂಜಿನ್ನಿನ ಹಿಂಬದಿಯ ಗೋಡೆಯನ್ನು ದಾಟಿ ರಸ್ತೆಗೆ ತೊಟ್ಟಿಕ್ಕಬೇಕು. ತೇವದ ದಿನ ಅರ್ಧ ಗಂಟೆ ಎಸಿ ಓಡಿದರೆ ಕಾರಿನ ಕೆಳಗೆ ಅಂಗೈ ಅಗಲದ ಒದ್ದೆ ಕಾಣಲೇಬೇಕು. ಸೀಟು ಬಿಚ್ಚುವ ಮೊದಲೇ ಈ ಪರೀಕ್ಷೆ ಮಾಡಿದ್ದಾಗ ಕೆಳಗಿನ ಶಹಾಬಾದ್ ಕಲ್ಲು ಒಣಗಿಯೇ ಇತ್ತು. ಕೊಳವೆಯ ಬಾಯಿಗೆ ಮೆತ್ತನೆಯ ತಂತಿಯನ್ನು ಸ್ವಲ್ಪ ದೂರ ಮಾತ್ರ ತೂರಿಸಿ ಆಡಿಸಿದಾಗ ಒಂದು ಲೋಟದಷ್ಟು ಕರಿ ನೀರು, ಕೆಸರಿನ ಗಂಟಿನೊಡನೆ ಸುರಿಯಿತು. ತಂತಿಯನ್ನು ಬಲವಾಗಿ ತೂರಿಸಿದರೆ ಕಾಯಿಲ್‌ನ ತೆಳುವಾದ ರೆಕ್ಕೆಗಳಿಗೆ ಪೆಟ್ಟಾಗುತ್ತದೆ. ಕಂಪ್ರೆಸರ್ ಗಾಳಿಯನ್ನು ಕೆಳಗಿನಿಂದ ಊದುವುದೂ ತಪ್ಪು, ಕಟ್ಟಿದ ಕೆಸರು ಮೇಲಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ಎರೆಭೂಮಿಯ ಧೂಳು ಒದ್ದೆಯಾದರೆ ಹಿಡಿದುಕೊಳ್ಳುವ ರೀತಿ ಗೊತ್ತಿದ್ದವರಿಗೆ ಆ ಕೊಳವೆ ಏಕೆ ಕಟ್ಟಿತೆಂದು ವಿವರಿಸಬೇಕಾಗಿಲ್ಲ.

ಮಿಸ್ತ್ರಿಗೆ ಇಷ್ಟು ಸಾಕಾಗಿತ್ತು. "ಸಿಕ್ತಲ್ರೀ ಸರ, ಇದೇ ನೀರು ಒಳಗ ಹೋಗ್ಯಾದ. ಇನ್ನೇನ್ ಹುಡುಕತೀರಿ?" ಎಂದರು. ಆದರೆ ಎಸಿಯ ನೀರು ಸ್ವಚ್ಛ ನೀರು. ಫೆಲ್ಟನ್ನು ಹಿಂಡಿದಾಗ ಬಂದ ನೀರಿನಲ್ಲಿ ಎಲೆಯ ಚೂರುಗಳಿದ್ದವು, ಮತ್ತು ಎಸಿಯನ್ನು ಹಾಕದೆ ಇದ್ದ ಚಳಿಗಾಲದಲ್ಲಿಯೂ ಗಾಜಿಗೆ ಮಂಜು ಕಟ್ಟುತ್ತಿತ್ತು. ಇನ್ನೊಂದು ಸಾಧ್ಯತೆಯಾದ ಕೂಲಂಟ್, ಅಂದರೆ ಎಂಜಿನ್ ತಣಿಸಿ ಹೀಟರಿನಲ್ಲಿಯೂ ಹರಿಯುವ ದ್ರವದ ಸೋರಿಕೆಯನ್ನು ಬೇಗನೆ ಕೈಬಿಡಬಹುದಾಗಿತ್ತು. ಹೀಟರ್ ಸೋರಿದರೆ ಬರುವ ನೀರಿಗೆ ಬಣ್ಣವೂ ಅಂಟೂ ಸಿಹಿ ವಾಸನೆಯೂ ಇರುತ್ತವೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಇಲ್ಲಿ ಅವು ಯಾವುವೂ ಇರಲಿಲ್ಲ.

ಆದ್ದರಿಂದ ಪೈಪಿನ ಪರೀಕ್ಷೆ. ಒಬ್ಬರು ಬ್ಯಾಟರಿ ದೀಪ ಹಿಡಿದು ಬರಿ ನೆಲದ ಕಾರಿನ ಒಳಗೆ ಕುಳಿತು ಬಾಗಿಲು ಮುಚ್ಚಿಕೊಳ್ಳಬೇಕು. ಇನ್ನೊಬ್ಬರು ಹೊರಗಿನಿಂದ ಸಾಮಾನ್ಯ ಒತ್ತಡದಲ್ಲಿ ನೀರು ಬಿಡಬೇಕು. ಕೆಳಗಿನಿಂದ ಮೇಲಕ್ಕೆ ಬರಬೇಕು, ಒಂದೊಂದು ಜಾಗದಲ್ಲಿಯೂ ಹೊತ್ತು ಕೊಡಬೇಕು. ಮೊದಲೇ ಛಾವಣಿಗೆ ನೀರು ಸುರಿದರೆ ಎಲ್ಲ ಕಡೆಯಿಂದ ಇಳಿದು ಬಂದು ಯಾವುದೂ ತಿಳಿಯುವುದಿಲ್ಲ, ವಾಟರ್ ಸರ್ವಿಸಿನ ರಭಸದ ಪಂಪಿನಿಂದ ಹೊಡೆದರೆ ಸರಿಯಿರುವ ರಬ್ಬರೂ ಸೋರುತ್ತದೆ. ಬಾಗಿಲುಗಳು, ಅವುಗಳ ಒಳಗಿನ ಪ್ಲಾಸ್ಟಿಕ್ ಪರದೆ, ಮುಂದಿನ ಗಾಜಿನ ಅಂಚು, ಒಂದರಲ್ಲಿಯೂ ಹನಿ ಬರಲಿಲ್ಲ. ವೈಪರಿನ ಕೆಳಗಿನ ಜಾಲರಿಗೆ ನೀರು ಬಿಟ್ಟಾಗ ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ನಂತರ ಗ್ಲವ್ ಬಾಕ್ಸಿನ ಹಿಂದಿನಿಂದ, ಒಳಗೆ ಗಾಳಿ ಊದುವ ಬ್ಲೋಯರಿನ ಬುಡದಿಂದ, ನೂಲಿನಂತೆ ನೀರು ಇಳಿಯತೊಡಗಿತು.

ಜಾಲರಿಯನ್ನು ಬಿಚ್ಚಿದಾಗ ಒಳಗಿನ ತೊಟ್ಟಿಯಲ್ಲಿ ಬೇವಿನ ಎಲೆ, ಹೂವಿನ ಪುಡಿ, ಕಡ್ಡಿ ಎಲ್ಲ ಸೇರಿ ಗೊಬ್ಬರವಾಗಿ ಕುಳಿತಿತ್ತು. ಅದರಲ್ಲಿ ಒಂದು ಬೇವಿನ ಸಸಿಯೂ ಎರಡೆಲೆ ಬಿಟ್ಟಿತ್ತು. ತೊಟ್ಟಿಯ ಎರಡು ಮೂಲೆಗಳಲ್ಲಿ ಮಳೆನೀರು ಹೊರಹೋಗಲು ಇರುವ ರಂಧ್ರಗಳಲ್ಲಿ ಎಡದ್ದು ಪೂರ್ತಿ ಮುಚ್ಚಿತ್ತು. ಸಣ್ಣ ಮಳೆಗೆ ಬಲದ ರಂಧ್ರವೊಂದೇ ಸಾಕಾಗುತ್ತಿತ್ತು. ಸೆಪ್ಟೆಂಬರಿನ ಜೋರು ಮಳೆಯಲ್ಲಿ ಮಾತ್ರ ನೀರಿನ ಮಟ್ಟ ಏರಿ, ಗಾಳಿ ಒಳಗೆಳೆಯುವ ಬಾಯಿಯ ಕಟ್ಟೆಯನ್ನು ದಾಟಿ, ಬ್ಲೋಯರಿನ ಮೂಲಕ ಎಡಗಾಲಿನ ಜಾಗಕ್ಕೆ ಇಳಿಯುತ್ತಿತ್ತು. ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರನ್ನು ಹೊರತೆಗೆದಾಗ ಅದರ ಕೆಳಗಿನ ಮೂರನೆಯ ಒಂದು ಭಾಗದವರೆಗೆ ಕಂದು ಗೆರೆ, ಅಣೆಕಟ್ಟಿನ ಗೋಡೆಯ ಮೇಲಿನ ನೀರಿನ ಗುರುತು ಎಷ್ಟು ಸ್ಪಷ್ಟವಿರುತ್ತದೆಯೋ ಅಷ್ಟು ಸ್ಪಷ್ಟವಾಗಿತ್ತು. ಸರ್ವಿಸಿಗೆ ಕೊಟ್ಟಾಗಲೆಲ್ಲ ಫಿಲ್ಟರ್ ಬದಲಿಸಿದ ಲೆಕ್ಕ ಬಿಲ್ಲಿನಲ್ಲಿತ್ತು. ಬದಲಿಸಿದ್ದರೆ ಆ ಗೆರೆಯನ್ನು ಯಾರಾದರೂ ನೋಡಿರಬೇಕಿತ್ತು.

ಹೀಗೆ ಎರಡು ದಾರಿಯ ನೀರು ಒಂದೇ ಮೂಲೆಗೆ ಸೇರುತ್ತಿತ್ತು. ಮೊದಲನೆಯದು ಸಿಕ್ಕಿತೆಂದು ಅಲ್ಲಿಗೇ ನಿಂತಿದ್ದರೆ ಮರುವರ್ಷದ ಸೆಪ್ಟೆಂಬರಿನವರೆಗೆ ಎಲ್ಲವೂ ಸರಿಯಿದ್ದಂತೆ ತೋರಿ, ಹೊಸ ಫೆಲ್ಟ್ ಮತ್ತೆ ನೆನೆಯುತ್ತಿತ್ತು.

ಡಿಕ್ಕಿಯ ತುಕ್ಕಿಗೆ ಮಳೆಯೂ ಎಸಿಯೂ ಕಾರಣವಲ್ಲ. ಹಿಂದಿನ ದೀಪಗಳ ಗ್ಯಾಸ್ಕೆಟ್, ಡಿಕ್ಕಿ ಬಾಗಿಲಿನ ಬೀಡಿಂಗ್ ಎರಡೂ ನೀರಿನ ಪರೀಕ್ಷೆಯಲ್ಲಿ ಗೆದ್ದವು. ಕಾರಣ ಮಾಲೀಕರ ಬಾಯಿಂದಲೇ ಬಂತು: ಬಿತ್ತನೆಯ ಕಾಲದಲ್ಲಿ ಹೊಲಕ್ಕೆ ಗೊಬ್ಬರದ ಚೀಲಗಳನ್ನು ಇದರಲ್ಲಿಯೇ ಒಯ್ಯುತ್ತಿದ್ದರು, ಹೊಲಿಗೆ ಬಿಟ್ಟ ಚೀಲದಿಂದ ಒಂದಿಷ್ಟು ಚೆಲ್ಲುತ್ತಿತ್ತು, ಗುಡಿಸಿದರೆ ಹೋಯಿತೆಂದು ತಿಳಿದಿದ್ದರು. ಅಂಗಡಿಯಲ್ಲಿ ಪೊಟ್ಯಾಶ್ ಎಂದು ಕೊಡುವುದು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್. ಸಮುದ್ರದ ಉಪ್ಪು ಕಬ್ಬಿಣಕ್ಕೆ ಕೊಡುವ ಕಾಟ ಅದರಲ್ಲಿರುವ ಕ್ಲೋರೈಡಿನಿಂದಲೇ ಹೆಚ್ಚು, ಆ ಕ್ಲೋರೈಡ್ ಇಲ್ಲಿ ಚೀಲದಲ್ಲಿ ಬಂದಿತ್ತು. ಯೂರಿಯಾದಂತಹ ಗೊಬ್ಬರಗಳು ಗಾಳಿಯ ತೇವವನ್ನು ಎಳೆದುಕೊಂಡು ತಾವೇ ಒದ್ದೆಯಾಗುತ್ತವೆ, ಪ್ರತ್ಯೇಕ ನೀರೇ ಬೇಡ. ಕರಾವಳಿಯ ತುಕ್ಕನ್ನು ನಾವು ನಮ್ಮ ಕೈಯಾರೆ ಡಿಕ್ಕಿಗೆ ಹೊತ್ತು ತರುತ್ತೇವೆ ಎಂದರೆ ತಪ್ಪಾಗದು. ತೊಗರಿ ನಾಡಿನ ಎಷ್ಟು ಕಾರುಗಳ ಸ್ಟೆಪ್ನಿ ಕೆಳಗೆ ಇದೇ ಕಥೆ ಇದೆಯೋ ಎಂದು ಅಂದು ಅನಿಸಿತು.

ಒಣಗಿಸುವ ಕೆಲಸಕ್ಕೆ ಅಕ್ಟೋಬರಿನ ಬಿಸಿಲು ಈಗ ನಿಜಕ್ಕೂ ಒದಗಿತು. ಬಾಗಿಲುಗಳನ್ನು ತೆರೆದಿಟ್ಟು ಹಗಲು ಬಿಸಿಲಿಗೆ, ಸಂಜೆ ಫ್ಯಾನಿಗೆ ಕಾರನ್ನು ಒಡ್ಡಲಾಯಿತು. ಕಾರ್ಪೆಟ್ಟನ್ನು ತೊಳೆದು ಮಾಳಿಗೆಯ ಮೇಲೆ ಒಣಗಿಸಿದರು. ಹಳೆಯ ಫೆಲ್ಟನ್ನು ಉಳಿಸುವ ಪ್ರಯತ್ನ ಮಾಡಲಿಲ್ಲ. ಮೇಲೆ ಒಣಗಿದರೂ ಹೊಟ್ಟೆಯಲ್ಲಿ ತೇವ ಇರಿಸಿಕೊಳ್ಳುವ ವಸ್ತು ಅದು, ಜೊತೆಗೆ ಬೂಷ್ಟು ಹಿಡಿದಿತ್ತು.

ಇನ್ನು ತೂತಿನ ವಿಚಾರದಲ್ಲಿ ಮಾತುಕತೆ ಸ್ವಲ್ಪ ಬಿಗಿಯಾಯಿತು. "ಮಾಸ್ತರ್ರೇ, ಏನ್ ಆಗಂಗಿಲ್ಲ ರೀ. ಮ್ಯಾಲ ಫೈಬರ್ ಹಾಕಿ ಟಾರ್ ಹೊಡದ್ರ ಹತ್ತು ವರ್ಷ ನೋಡಂಗಿಲ್ಲ" ಎಂದು ಮಿಸ್ತ್ರಿ ಮಾಲೀಕರಿಗೆ ಭರವಸೆ ಕೊಟ್ಟರು. "ಉಸ್ತಾದ್, ಹತ್ತು ವರ್ಷ ಯಾರು ನೋಡಂಗಿಲ್ಲ, ನೀವೋ ನಾನೋ?" ಎಂದು ಮಾಲೀಕರು ಕೇಳಿದ್ದಕ್ಕೆ ಇಬ್ಬರೂ ನಕ್ಕರು, ಆದರೆ ಪ್ರಶ್ನೆ ಅಲ್ಲಿಯೇ ಉಳಿಯಿತು. ಫೈಬರ್ ತೇಪೆ ಕಬ್ಬಿಣಕ್ಕೆ ಅಂಟಿರುತ್ತದೆಯೇ ಹೊರತು ಕಬ್ಬಿಣವಾಗುವುದಿಲ್ಲ. ಅದರ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ನೀರು ಒಳಸೇರಿ, ಮೇಲಿನಿಂದ ಕಾಣದಂತೆ ತುಕ್ಕು ಸುತ್ತಲೂ ಹಬ್ಬುತ್ತದೆ. ಈ ತೂತು ಇದ್ದದ್ದು ಬಾಗಿಲ ಕೆಳಗಿನ ಪಟ್ಟಿಯ ಬುಡದಲ್ಲಿ. ಬದಿಯಿಂದ ಪೆಟ್ಟು ಬಿದ್ದರೆ ಭಾರ ಹೊರುವ ಭಾಗವದು. ಸೀಟ್ ಬೆಲ್ಟ್ ಕಟ್ಟುವ ಬುಡವೂ ಸೀಟಿನ ಅಡ್ಡಪಟ್ಟಿಯೂ ಸುತ್ತಿಗೆ ತಟ್ಟಿದಾಗ ಗಟ್ಟಿ ಸದ್ದು ಕೊಟ್ಟವು, ಸ್ಕ್ರೂ ಡ್ರೈವರ್ ಒತ್ತಿಗೆ ಬಗ್ಗಲಿಲ್ಲ. ಅವು ಕೆಟ್ಟಿದ್ದರೆ ದುರಸ್ತಿಗಿಂತ ಕಾರನ್ನು ಕೈಬಿಡುವ ಸಲಹೆಯನ್ನೇ ಕೊಡುತ್ತಿದ್ದೆ. ತೂತಿನ ಜಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತಗಡು ಬೆಸೆಯುವುದೆಂದು ತೀರ್ಮಾನವಾಯಿತು.

ಬೆಸುಗೆಗೆ ಗ್ಯಾಸ್ ವೆಲ್ಡಿಂಗ್ ಬೇಡ, ಸಿಒಟು (ಇಂಗಾಲದ ಡೈಆಕ್ಸೈಡ್ ಅನಿಲದ ಮರೆಯಲ್ಲಿ ವಿದ್ಯುತ್ತಿನಿಂದ ಮಾಡುವ) ವೆಲ್ಡಿಂಗೇ ಆಗಬೇಕೆಂದು ಹೇಳಿದ್ದಕ್ಕೆ ಕಾರಣವಿದೆ. ಗ್ಯಾಸಿನ ಕಾವು ಅಗಲವಾಗಿ ಹರಡಿ ತೆಳು ತಗಡನ್ನು ಸೊಟ್ಟ ಮಾಡುತ್ತದೆ, ಸುತ್ತಲಿನ ಬಣ್ಣ ಮತ್ತು ಸತುವಿನ ಲೇಪವನ್ನು ಸುಡುತ್ತದೆ. ಉದ್ದಕ್ಕೆ ಒಂದೇ ಉಸಿರಿಗೆ ಎಳೆಯದೆ ಚುಕ್ಕಿ ಚುಕ್ಕಿಯಾಗಿ, ಒಂದು ಚುಕ್ಕಿ ತಣಿದ ಮೇಲೆ ಎದುರು ಬದಿಯಲ್ಲಿ ಇನ್ನೊಂದನ್ನು ಇಡಲಾಯಿತು. ಅದಕ್ಕೂ ಮೊದಲು ಕಾರನ್ನು ಎತ್ತಿ ಕೆಳಗೆ ಡೀಸೆಲ್ ಮತ್ತು ಬ್ರೇಕ್ ಕೊಳವೆಗಳು ಎಲ್ಲಿ ಹಾದಿವೆ ಎಂದು ನೋಡಿ ಬದಿಗೆ ಸರಿಸಲಾಗಿತ್ತು, ಆ ಬದಿಯ ವೈರಿಂಗನ್ನು ಬಿಚ್ಚಿ ಮೇಲೆ ಕಟ್ಟಲಾಗಿತ್ತು, ಬ್ಯಾಟರಿ ಹೊರಗಿತ್ತು, ಮರಳಿನ ಬಕೆಟ್ಟೂ ಅಗ್ನಿಶಾಮಕ ಸಿಲಿಂಡರೂ ಕೈಗೆಟುಕುವಲ್ಲಿದ್ದವು. ಬೆಸುಗೆಯ ಹೊತ್ತಿನಲ್ಲಿ ಕಾರಿನೊಳಗೆ ಬೆಂಕಿ ಹತ್ತುವುದು ಬಹುತೇಕ ಹೀಗೆಯೇ: ಮೇಲೆ ಬೆಸುಗೆ ನಡೆಯುವಾಗ ತಗಡಿನ ಆಚೆ ಬದಿಯ ಟಾರು ಹೊಗೆಯಾಡುತ್ತಿರುತ್ತದೆ, ಯಾರೂ ಅತ್ತ ನೋಡಿರುವುದಿಲ್ಲ. ಅದಕ್ಕೆಂದೇ ಒಬ್ಬ ಹುಡುಗನನ್ನು ಕೆಳಗೆ ಕಣ್ಣಿಡಲು ಕೂರಿಸಲಾಗಿತ್ತು.

ಉಳಿದ ನೆಲದಲ್ಲಿ ತೂತಿರಲಿಲ್ಲ, ತುಕ್ಕಿನ ಪದರ ಮಾತ್ರ. ಉಬ್ಬಿದ ಟಾರಿನ ಹಾಳೆಯನ್ನು ಬೆಳಗಿನ ತಂಪಿನಲ್ಲಿ ಉಳಿಯಿಂದ ಎಬ್ಬಿಸಿದರೆ ತುಂಡು ತುಂಡಾಗಿ ಸಿಡಿದು ಬರುತ್ತದೆ. ಮಧ್ಯಾಹ್ನ ಮುಟ್ಟಿದರೆ ಅಂಟಿನಂತೆ ಹಿಡಿದು ಸತಾಯಿಸುತ್ತದೆ. ಗ್ರೈಂಡರಿಗೆ ಹಾಕಿದ ವೈರ್ ಬ್ರಶ್‌ನಿಂದ ಸಡಿಲ ತುಕ್ಕನ್ನು ತೆಗೆದು, 80ರ ಎಮರಿ ಪೇಪರಿನಿಂದ ಉಜ್ಜಿ, ಚುಕ್ಕಿಯ ಆಳದಲ್ಲಿ ಉಳಿದ ತುಕ್ಕಿಗೆ ಮಾತ್ರ ಪರಿವರ್ತಕ ದ್ರಾವಣ ಹಚ್ಚಲಾಯಿತು. ಈ ದ್ರಾವಣಗಳ ಬಗ್ಗೆ ನಿರೀಕ್ಷೆ ಹೆಚ್ಚು, ತಿಳಿವಳಿಕೆ ಕಡಿಮೆ. ಅವುಗಳಲ್ಲಿರುವ ಟ್ಯಾನಿಕ್ ಅಥವಾ ಫಾಸ್ಫೊರಿಕ್ ಆಮ್ಲ ತೆಳುವಾಗಿ ಗಟ್ಟಿಯಾಗಿ ಅಂಟಿದ ತುಕ್ಕನ್ನು ಕಪ್ಪು, ನಿಶ್ಚಲ ಪದರವಾಗಿ ಮಾರ್ಪಡಿಸುತ್ತದೆ. ಹಪ್ಪಳದಂತೆ ಎದ್ದ ತುಕ್ಕಿನ ಮೇಲೆ ಹಚ್ಚಿದರೆ ಮೇಲುಪದರ ಕಪ್ಪಾಗುತ್ತದೆ, ಕೆಳಗೆ ಕೆಲಸ ಮುಂದುವರಿಯುತ್ತದೆ. ಎರಡು ತಗಡು ಸೇರುವ ಸಂದಿಗೆ ಫಾಸ್ಫೊರಿಕ್ ಆಮ್ಲ ಇಳಿಯಬಾರದು, ಅಲ್ಲಿಂದ ಅದನ್ನು ತೊಳೆದು ತೆಗೆಯಲಾಗದು. ಡಿಕ್ಕಿಯಲ್ಲಿ ಇದ್ಯಾವುದಕ್ಕೂ ಮೊದಲು ಧಾರಾಳವಾಗಿ ಸಿಹಿನೀರಿನಿಂದ ತೊಳೆದು ತೊಳೆದು ಗೊಬ್ಬರದ ಉಪ್ಪನ್ನು ಇಳಿಸಬೇಕಾಯಿತು, ಏಕೆಂದರೆ ಉಪ್ಪನ್ನು ಪರಿವರ್ತಿಸುವ ದ್ರಾವಣ ಯಾವುದೂ ಇಲ್ಲ. ಮನೆಯ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಪುಡಿ ಬಿಡುತ್ತಿತ್ತಾದ್ದರಿಂದ ಕೊನೆಯ ತೊಳೆತಕ್ಕೆ ನಲ್ಲಿಯ ನೀರನ್ನು ತಂದರು.

ಬಣ್ಣದ ಹಂತದಲ್ಲಿ ಮಿಸ್ತ್ರಿ ಕಿಟಕಿಯ ಸರಳಿಗೆ ಹೊಡೆಯುವ ರೆಡ್ ಆಕ್ಸೈಡಿನ ಡಬ್ಬಿಯನ್ನು ತೆರೆದಿದ್ದರು. ಅದು ಕೆಟ್ಟ ವಸ್ತುವೇನಲ್ಲ, ಆದರೆ ಅದರ ಪದರ ನೀರನ್ನು ಪೂರ್ತಿ ತಡೆಯುವುದಿಲ್ಲ. ಮೇಲೆ ಸದಾ ಒಳ್ಳೆಯ ಬಣ್ಣದ ಹೊದಿಕೆ ಬೇಕು. ಕಾರ್ಪೆಟ್ಟಿನ ಅಡಿಗೆ ಸೇರುವ, ಮತ್ತೆ ಕಣ್ಣಿಗೆ ಬೀಳದ ಜಾಗಕ್ಕೆ ಗಟ್ಟಿಕಾರಕ ಬೆರೆಸಿ ಹಚ್ಚುವ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ತರಿಸಲಾಯಿತು. ಅದನ್ನು ಎರಡು ಕೈ ಹೊಡೆದು, ಬೆಸುಗೆಯ ಅಂಚು ಮತ್ತು ತಗಡಿನ ಸಂದಿಗಳಿಗೆ ಸೀಲಂಟ್ ತುಂಬಿ, ಮೇಲೆ ಕಾರಿನ ಬಣ್ಣವನ್ನೇ ಹೊಡೆಯಲಾಯಿತು. ಬಾಗಿಲ ಕೆಳಗಿನ ಪಟ್ಟಿಯ ಟೊಳ್ಳಿನೊಳಗೆ ಬೆಸುಗೆಯ ಹಿಂಬದಿ ಬರಿಮೈಯಾಗಿ ಉಳಿದಿತ್ತು. ರಬ್ಬರ್ ಮುಚ್ಚಳ ತೆಗೆದು ಉದ್ದ ಕೊಳವೆಯಿಂದ ಮೇಣದ ದ್ರಾವಣ ಸಿಂಪಡಿಸಿ, ಕೆಳಗಿನ ನೀರಿನ ರಂಧ್ರಗಳು ಅದರಿಂದ ಮುಚ್ಚಿಕೊಂಡಿಲ್ಲವೆಂದು ತಂತಿ ಹಾಕಿ ನೋಡಲಾಯಿತು. ಸೀಟಿನ ಬೋಲ್ಟುಗಳು ಹೊಸವು, ಕೈಪಿಡಿಯ ಅಳತೆಗೆ ಟಾರ್ಕ್ ಪಾನಾದಲ್ಲಿ ಬಿಗಿದವು.

ವಿಮೆಯ ವಿಚಾರವನ್ನೂ ಮಾಲೀಕರು ಕೇಳಿದ್ದರು. ಪ್ರವಾಹದ ಹಾನಿ ಪೂರ್ಣ ವಿಮೆಯ ವ್ಯಾಪ್ತಿಗೆ ಬರುತ್ತದೆ; ವರ್ಷಗಟ್ಟಲೆ ನಿಧಾನವಾಗಿ ಆದ ತುಕ್ಕು ಸವೆತದ ಲೆಕ್ಕಕ್ಕೆ ಸೇರಿ ಹೊರಗುಳಿಯುತ್ತದೆ. ಖರ್ಚು ಪೂರ್ತಿ ಅವರದ್ದೇ ಆಯಿತು, ಅದರಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚು. ಕಾರಿನ ನೋಂದಣಿಗೆ 15 ವರ್ಷ ತುಂಬುವುದು 2027ರಲ್ಲಿ, ಆಗ ನವೀಕರಣಕ್ಕೆ ತಪಾಸಣೆಗೆ ಒಯ್ಯಬೇಕು. ಅಲ್ಲಿಯವರೆಗೆ ಮತ್ತು ಸಾಧ್ಯವಾದರೆ ಅದರಾಚೆಗೂ ಓಡಿಸುವ ಇರಾದೆ ಇದ್ದುದರಿಂದ ಈ ಖರ್ಚನ್ನು ಅವರು ಒಪ್ಪಿದರು. ಒಂದೆರಡು ವರ್ಷದಲ್ಲಿ ಮಾರುವವರಾಗಿದ್ದರೆ ತೂತನ್ನು ಬೆಸೆದು, ಸೋರಿಕೆ ನಿಲ್ಲಿಸಿ, ಉಳಿದದ್ದನ್ನು ಕೊಳ್ಳುವವರಿಗೆ ತೋರಿಸಿ ಮಾರಿ ಎನ್ನುತ್ತಿದ್ದೆ.

ಲ್ಯಾಮಿನೇಶನ್ ಮತ್ತೆ ಹಾಕಿಸಲಿಲ್ಲ. 7ಡಿ ಮ್ಯಾಟಿನ ಬದಲು ಎತ್ತಿ ಜಾಡಿಸಬಹುದಾದ ಬಿಡಿ ರಬ್ಬರ್ ಮ್ಯಾಟುಗಳು ಬಂದವು. ಗೊಬ್ಬರದ ಚೀಲಕ್ಕೆ ಡಿಕ್ಕಿಯಲ್ಲಿ ಅಂಚು ಎತ್ತರವಿರುವ ಪ್ಲಾಸ್ಟಿಕ್ ಟ್ರೇ ಇಡಲಾಗಿದೆ. ಬೇವಿನ ಮರವನ್ನು ಕಡಿಸುವ ಮಾತಿಗೆ ಮನೆಯವರು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಎಲೆ ಉದುರುವ ಕಾಲ ಮುಗಿದ ಮೇಲೆ ಒಮ್ಮೆ, ಮುಂಗಾರಿಗೆ ಮೊದಲು ಮತ್ತೊಮ್ಮೆ ಜಾಲರಿ ಬಿಚ್ಚಿ ತೊಟ್ಟಿಯನ್ನು ಕೈಯಿಂದ ಬಳಿಯುವುದು ಈಗ ಮಾಲೀಕರ ಕೆಲಸ.

ಮರುವರ್ಷದ ಸೆಪ್ಟೆಂಬರಿನ ಮಳೆಯ ನಂತರ ಎಡಮೂಲೆಯ ಕಾರ್ಪೆಟ್ ಎತ್ತಿ ನೋಡಿದಾಗ ಹೊಸ ಫೆಲ್ಟ್ ಒಣಗಿತ್ತು, ಎಸಿಯ ನೀರು ಕೆಳಗೆ ಬೀಳುತ್ತಿತ್ತು, ನೆಲದ ಬಣ್ಣದಲ್ಲಿ ಗುಳ್ಳೆ ಇರಲಿಲ್ಲ. ಡಿಕ್ಕಿಯಲ್ಲಿ ಮಾತ್ರ ಸ್ಟೆಪ್ನಿಯ ತಗ್ಗಿನ ಸಂದಿಯೊಂದರಲ್ಲಿ ಕಂದು ಗೆರೆ ಮತ್ತೆ ತೋರಿತು. ತೊಳೆಯುವಾಗ ಎರಡು ತಗಡುಗಳ ನಡುವೆ ಉಪ್ಪು ಉಳಿದಿರಬೇಕು. ಅಲ್ಲಿನ ಸೀಲಂಟನ್ನು ಕಿತ್ತು, ಸಂದಿಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಈ ಬಾರಿ ಮೇಣವನ್ನು ಮಾತ್ರ ಹಾಕಿ ತೆರೆದಿಡಲಾಗಿದೆ, ಮುಂದಿನ ತಪಾಸಣೆಯಲ್ಲಿ ಕಣ್ಣಿಗೆ ಬೀಳುವಂತಿರಲಿ ಎಂದು.